ಎಳನೀರು ಮುಟ್ಟದ ಇಂಜಿನಿಯರ್

ನಾನು ಐದನೇ ತರಗತಿಯಲ್ಲಿದ್ದ ಆ ವರ್ಷ, ಅಲೆವೂರಿನ ನಮ್ಮ ಗುಡ್ಡೆಯಲ್ಲಿ ಯಾರಿಗಾದರೂ ಸರ್ಕಾರದ ಮನೆ ಮಂಜೂರಾದರೆ ಅದು ಸುಮ್ಮನೆ ಆಯಿತೆಂದು ಯಾರೂ ನಂಬುತ್ತಿರಲಿಲ್ಲ. ಯಾರನ್ನು ಹಿಡಿದರು ಎನ್ನುವುದೇ ಮೊದಲ ಪ್ರಶ್ನೆ. ನಮ್ಮದು ತೆಂಗಿನ ಮಡಲು ಹೊದೆಸಿ ಟಾರ್ಪಾಲು ಬಿಗಿದ ಒಂದೇ ಕೋಣೆ, ಒಳಗೆಲ್ಲ ಅಮ್ಮ ಕಟ್ಟುವ ಬೀಡಿಯ ಎಲೆಯ ವಾಸನೆ. ಆ ಬೇಸಿಗೆಯಲ್ಲಿ ಅಮ್ಮನ ಹೆಸರಿಗೆ ಮನೆ ಬಂತು.

ನಿಯಮದ ಪ್ರಕಾರ ಮೊದಲು ತಳಪಾಯ ನಾವೇ ಕಟ್ಟಬೇಕು. ಇಂಜಿನಿಯರ್ ಬಂದು ಫೋಟೋ ತೆಗೆದ ಮೇಲೆ ಮೊದಲ ಕಂತು ಬ್ಯಾಂಕಿಗೆ ಬರುತ್ತದೆ. ಅದರಲ್ಲಿ ಗೋಡೆ ಎಬ್ಬಿಸಿದರೆ ಮುಂದಿನ ಕಂತು. ಅಪ್ಪ ಕೂಲಿಯಿಲ್ಲದ ದಿನಗಳಲ್ಲಿ ಕೆಂಪುಕಲ್ಲು ಹೊತ್ತು ತಳಪಾಯ ಮುಗಿಸಿದ. ನಾನೂ ತಮ್ಮ ಸುಧೀರನೂ ಅಷ್ಟರಲ್ಲೇ ಅಲ್ಲಿ ಸಂಸಾರ ಹೂಡಿದ್ದೆವು. ಚಾವಡಿಯಲ್ಲಿ ಕುಂಟೆಬಿಲ್ಲೆ, ಅಡುಗೆಕೋಣೆಯಲ್ಲಿ ಸುಟ್ಟ ಹಲಸಿನ ಬೀಜ. ನಾನು ಕಲ್ಲು ದಾಟಿ ಬಂದರೆ ಅವನು, "ಗೋಡೆ ಉಂಟಲ್ಲಿ, ಕಾಣುವುದಿಲ್ವಾ?" ಎಂದು ಬೈಯುತ್ತಿದ್ದ.

ಇಂಜಿನಿಯರ್ ಬೈಕಿನಲ್ಲಿ ಬಂದ, ಚಿಕ್ಕ ಪ್ರಾಯದವನು. ಮದುವೆಯ ಸೀರೆಯುಟ್ಟ ಅಮ್ಮನನ್ನು ತಳಪಾಯದ ಮುಂದೆ ನಿಲ್ಲಿಸಿ ಫೋಟೋ ತೆಗೆದ. ಅಮ್ಮ ಕೆತ್ತಿಟ್ಟ ಎಳನೀರು ಚಾಚಿದಳು.

"ಬೇಡಮ್ಮ."

"ಹಾಗಾದರೆ ಚಾ ಮಾಡುತ್ತೇನೆ, ಸಾರ್."

"ಏನೂ ಬೇಡ. ಹಣ ಬರುತ್ತದೆ. ಯಾರಿಗೂ ಏನೂ ಕೊಡಬೇಡಿ."

ಬೈಕು ಮರೆಯಾದ ಕೂಡಲೇ ಅಮ್ಮ, "ಪಟ್ಟಿಯಿಂದ ನಮ್ಮ ಹೆಸರು ಹೋಯಿತು" ಎಂದಳು.

"ಎಂತ ಮಾರಾಯ್ತಿ, ಅವನಿಗೆ ಬಾಯಾರಿಕೆ ಇರಲಿಲ್ಲ," ಎಂದ ಅಪ್ಪ.

"ಈ ಬಿಸಿಲಿಗೆ ಬಾಯಾರಿಕೆ ಇಲ್ವಾ? ಬೇರೆಯವರದ್ದು ಕುಡಿದು ಬಂದಿದ್ದಾನೆ. ನಮ್ಮ ಮನೆ ಅವರಿಗೆ ಹೋಗುತ್ತದೆ, ನೋಡಿ."

ಮರುದಿನವೇ ಸದಾನಂದನನ್ನು ಕರೆಸಿದಳು. ಗುಡ್ಡೆಯವರಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದವನು ಅವನು. ಎಳನೀರು ಕುಡಿದ, ಚಾ ಕುಡಿದ, ಬಂಗುಡೆ ಸಾರಿನ ಪರಿಮಳಕ್ಕೆ ಊಟಕ್ಕೂ ಕೂತ. ಅಮ್ಮನಿಗೆ ಜೀವ ಬಂತು.

"ಪಾಸ್‌ಬುಕ್ಕೂ ಸಹಿ ಹಾಕಿದ ಎರಡು ಚೀಟಿಯೂ ನನ್ನ ಹತ್ತಿರ ಇರಲಿ ಅಕ್ಕ," ಎಂದ ಅವನು. "ಹೆಸರು ಹೋಗದ ಹಾಗೆ ನಾನು ನೋಡಿಕೊಳ್ಳುತ್ತೇನೆ."

ಹಣ ತೆಗೆಯುವ ಆ ಚೀಟಿಗಳಲ್ಲಿ ಮೊತ್ತ ಬರೆಯುವ ಜಾಗ ಖಾಲಿ ಇತ್ತು. ಅಮ್ಮ ಸಹಿ ಹಾಕಿದಳು.

ಇಂಜಿನಿಯರ್ ಹೇಳಿದಂತೆಯೇ ಹಣ ಬಂತು. ಸದಾನಂದ ಅಷ್ಟನ್ನೂ ತೆಗೆದು ಮುಂಬಯಿಗೆ ಹೋದ. ಸಹಿ ಅಮ್ಮನದ್ದೇ ಆದ್ದರಿಂದ ಕೇಳಲು ಬಾಯಿಲ್ಲ. ಗೋಡೆ ಏಳಲಿಲ್ಲ, ಮುಂದಿನ ಕಂತೂ ಬರಲಿಲ್ಲ.

ಎರಡು ಮಳೆಗಾಲ ಕಳೆದ ಮೇಲೆ ಅಪ್ಪ ತಳಪಾಯ ಕಿತ್ತು ಕಲ್ಲು ಮಾರಲು ಹೊರಟ. ಕೊಳ್ಳಲು ಬಂದವನು ಹಳೆಯ ಕಲ್ಲೆಂದು ಅರ್ಧ ದರ ಕೇಳಿದ. ನಾನು ನಡುವೆ ಬಾಯಿ ಹಾಕಿದೆ: "ಎರಡು ಮಳೆ ಕುಡಿದ ಕಲ್ಲು ಹೊಸ ಕಲ್ಲಿಗಿಂತ ಗಟ್ಟಿ. ಬೇಡದಿದ್ದರೆ ಬಿಡಿ, ನಾಳೆ ಇನ್ನೊಬ್ಬರು ಬರುತ್ತಾರೆ." ಅವನು ನಕ್ಕು ಪೂರ್ತಿ ದರ ಕೊಟ್ಟ. ನನ್ನ ಮೊದಲ ವ್ಯಾಪಾರ ನಮ್ಮದೇ ಮನೆಯದ್ದು.

ಈಗ ಪರ್ಕಳದಲ್ಲಿ ಹಳೆಯ ಬಾಗಿಲು ಕಿಟಕಿಗಳ ಅಂಗಡಿ ಇಟ್ಟಿದ್ದೇನೆ. ಸರ್ಕಾರದ ಮನೆ ಕಟ್ಟುವ ಹೆಂಗಸರು ಬಂದರೆ ದರದ ಮೊದಲು ಬುದ್ಧಿ ಹೇಳುತ್ತೇನೆ: ಪಾಸ್‌ಬುಕ್ ಯಾರ ಕೈಗೂ ಕೊಡಬೇಡಿ, ಬ್ಯಾಂಕಿಗೆ ನೀವೇ ಹೋಗಿ, ಹೊಟ್ಟೆಯಲ್ಲಿ ಹುಟ್ಟಿದವರು ಹೇಳಿದರೂ ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ.

ಅಮ್ಮನಿಗೆ ತಾರಸಿಯ ಮನೆ ನಾನೇ ಕಟ್ಟಿಸಿದೆ. ಕಳೆದ ವರ್ಷ ಅದನ್ನು ಅವಳ ಹೆಸರಿಗೆ ಮಾಡಿಸಲು ಕಾಗದ ಬರೆಸಿ ತಂದು, ಎಲ್ಲಿ ಸಹಿ ಹಾಕಬೇಕೆಂದು ತೋರಿಸಿದೆ. ಅವಳು ನನ್ನ ಮುಖ ನೋಡಿದಳು. ಕಾಗದ ಮಡಚಿ, "ಆಚೆಮನೆಯ ಟೀಚರಿಗೆ ಒಮ್ಮೆ ತೋರಿಸಿ ಬರುತ್ತೇನೆ" ಎಂದು ಚಪ್ಪಲಿ ಮೆಟ್ಟಿದಳು.

ಸರಿಯಾದ ಕ್ರಮವೇ ಅದು. ನಾನು ಊರಿಗೆಲ್ಲ ಹೇಳುವುದೂ ಅದನ್ನೇ. ಆ ದಿನ ಮಾತ್ರ ನನಗೆ ಊಟ ಸೇರಲಿಲ್ಲ.