ರೋಣದ ಹುತುತು ತಂಡ ಮತ್ತು ನನ್ನ ಮನೆಯ ಹೋಳಿಗೆ

ನನ್ನ ತಮ್ಮ ನಮ್ಮ ಮನೆಗೆ ಬಂದು ಉಂಡು ಹೋದ ಎಂದು ನಾನು ಹೇಳಬೇಕಾಗಿತ್ತು. ಹೇಳಲಿಲ್ಲ. ಹೇಳಿದ್ದರೆ ರೋಣದ ಹುತುತು ತಂಡ ಇನ್ನಷ್ಟು ವರ್ಷ ಆಡುತ್ತಿತ್ತೇನೋ. ಸಣ್ಣವಳಿದ್ದಾಗಲೇ ಸಾಲಿ ಬಿಟ್ಟವಳು ನಾನು, ಬಂದಷ್ಟು ಬರೆಯುತ್ತೇನೆ.

ಐವತ್ತರ ದಶಕದ ಮಾತು. ಈಗ ಕಬಡ್ಡಿ ಎನ್ನುವ ಆಟಕ್ಕೆ ಆಗ ನಮ್ಮ ಕಡೆ ಹುತುತು ಎನ್ನುತ್ತಿದ್ದರು. ರೋಣದ ಒಬ್ಬ ಅರಳೆ ಸಾಹುಕಾರರು ತಮ್ಮ ವಖಾರಿಯಲ್ಲಿ ಅರಳೆ ತುಂಬುವ ಹುಡುಗರನ್ನೇ ಕೂಡಿಸಿ ತಂಡ ಕಟ್ಟಿದ್ದರು. ಆಟವಿದ್ದ ದಿನ ದುಡಿಯದಿದ್ದರೂ ಪಗಾರ, ಮೋಟಾರಿನ ಖರ್ಚು, ಕೆಂಪು ಬನಿಯನ್ನು ಎಲ್ಲ ಅವರದೇ. ನನ್ನ ತಮ್ಮನೇ ತಂಡದ ಜೀವ. ಹುತುತು ಎನ್ನುತ್ತ ಎದುರಿನವರೊಳಗೆ ನುಗ್ಗಿದನೆಂದರೆ ಮುಟ್ಟಿ ಬರುವ ತನಕ ಅವನ ದಮ್ಮು ಮುರಿಯುತ್ತಿರಲಿಲ್ಲ.

ತಂಡಕ್ಕೊಂದು ಕಟ್ಟಳೆ ಇತ್ತು. ಆಡಲು ಹೋದ ಊರಿನಲ್ಲಿ ಯಾರ ಮನೆಯ ಹನಿ ನೀರನ್ನೂ ಕುಡಿಯಬಾರದು. ಮೈಯ ಬಲ ಕುಂದಲೆಂದು ಅನ್ನ ನೀರಿನಲ್ಲಿ ಮದ್ದು ಹಾಕುತ್ತಾರೆಂಬ ಭಯ. ಗಜೇಂದ್ರಗಡದಲ್ಲಿ ಗೆದ್ದಾಗಲೂ ಅಲ್ಲಿನ ಚಹಾ ಮುಟ್ಟದೆ ಬಂದಿದ್ದರು. ರೋಣದಿಂದಲೇ ಒಯ್ದ ನೀರಿನ ಕೊಡದ ಹತ್ತಿರ ಒಬ್ಬ ಕಾವಲು ಕೂತಿದ್ದನಂತೆ.

ನನ್ನನ್ನು ಕೊಟ್ಟದ್ದು ನರಗುಂದಕ್ಕೆ. ನನ್ನ ಮೈದುನ ನರಗುಂದದ ತಂಡದಲ್ಲಿ ಆಡುತ್ತಿದ್ದ. ರೋಣದವರು ನಮ್ಮೂರಿಗೆ ಆಡಲು ಬಂದ ದಿನ ತಮ್ಮ ಯಾರಿಗೂ ಹೇಳದೆ ಹಿತ್ತಲ ಬಾಗಿಲಿಗೆ ಬಂದ.

“ಅಕ್ಕಾ, ನಿನ್ನ ಮಾರಿ ನೋಡಿ ಹೋಗಾಕ ಬಂದೀನಿ. ಊಟಾ ಗೀಟಾ ಬ್ಯಾಡ.”

“ಅಕ್ಕನ ಮನ್ಯಾಗೂ ಮದ್ದಿನ ಹೆದರಿಕಿ ಏನೋ ನಿನಗ? ದೊಡ್ಡ ಪೈಲ್ವಾನ! ಕುಂದರು, ಒಂದ ಹೋಳಿಗಿ ತಿನ್ನು.”

ಒಂದೆಂದು ಕೂಡಿಸಿ ಹೊಟ್ಟೆ ಬಿರಿಯುವಷ್ಟು ತಿನ್ನಿಸಿದೆ, ಮೇಲೆ ತುಪ್ಪ. ಅತ್ತೆ ತಾವೇ ಒಳಗಿನಿಂದ ಒಂದು ವಾಟಗ ಹಾಲು ತಂದುಕೊಟ್ಟರು. ತಾವಾಗಿ ಯಾರಿಗೂ ಹಾಲು ಕೊಟ್ಟವರಲ್ಲ ಅವರು. ನಾನು ವಾಟಗದೊಳಗೆ ಇಣುಕಿದೆ. ಬರೀ ಹಾಲೇ ಕಂಡಿತು. ತಮ್ಮ ಅದನ್ನು ಕುಡಿದು ಹೋದ.

ಸೊಸೆಯಾದವಳು ಆಟ ನೋಡಲು ಹೋಗುವ ಹಾಗಿರಲಿಲ್ಲ. ಸಂಜೆ ಮೈದುನ ನಗುತ್ತ ಬಂದ.

“ವೈನಿ, ನಿಮ್ಮ ತಮ್ಮಗ ಇವತ್ತ ದಮ್ಮ ಸಾಲಲೇ ಇಲ್ಲರಿ. ನಟ್ಟ ನಡುವ ತೇಕುತ್ತ ಕುಂತಬಿಟ್ಟಾ. ನಾವ ಗೆದ್ದಿವಿ.”

ಅವನ ಹಿಂದೆಯೇ ರೋಣದ ತಂಡದ ಹಿರಿಯ ಬಾಗಿಲಿಗೆ ಬಂದ. ನನ್ನ ತಮ್ಮ ಬೀದಿಯಲ್ಲಿ ತಲೆ ತಗ್ಗಿಸಿ ನಿಂತಿದ್ದ.

“ತಂಗೆವ್ವಾ, ಆಟಕ್ಕಿಂತ ಮೊದಲ ಇಂವಾ ಭಾಳ ಹೊತ್ತ ಕಾಣಲಿಲ್ಲ. ಕೇಳಿದ್ರ ಬಾಯಿ ಬಿಡವಲ್ಲ. ಇಲ್ಲಿಗೆ ಬಂದಿದ್ನೇನವಾ? ಇಲ್ಲಾ ರೊಕ್ಕಾ ತಗೊಂಡು ನರಗುಂದದವರ ಕೂಡ ಕೈ ಜೋಡಿಸ್ಯಾನೋ?”

ಹೌದೆಂದರೆ ನಮ್ಮದು ಮದ್ದು ಹಾಕುವ ಮನೆ ಎಂದಾಗುತ್ತಿತ್ತು. ಅಂಥ ಮನೆಯಲ್ಲಿ ಯಾರೂ ನೀರು ಕುಡಿಯುವುದಿಲ್ಲ, ಅಲ್ಲಿಗೆ ಹೆಣ್ಣು ಕೊಡುವುದಿಲ್ಲ. ಮೈದುನನಿಗೆ ಆಗ ಹೆಣ್ಣು ನೋಡುತ್ತಿದ್ದರು. ಅತ್ತೆ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದರು.

“ಇಲ್ಲರಿ, ಬಂದಿಲ್ಲ,” ಎಂದೆ.

ತಮ್ಮ ತಲೆ ಎತ್ತಿ ನನ್ನನ್ನು ನೋಡಿದ. ಆಮೇಲೆ ತಿರುಗಿ ಮೋಟಾರಿನ ಕಡೆ ನಡೆದ.

ಆಟ ಮಾರಿಕೊಂಡವನೆಂಬ ಹೆಸರು ಅವನಿಗೆ ಅಂಟಿತು. ಅವನನ್ನು ತಂಡದಿಂದ ತೆಗೆದ ಮೇಲೂ ಸಂಶಯ ಹೋಗಲಿಲ್ಲ. ಯಾರು ಸೋತರೂ ಮಾರಿಕೊಂಡರೆಂದೇ ಮಾತು. ಕಡೆಗೆ ತಮ್ಮತಮ್ಮೊಳಗೂ ಒಬ್ಬರ ಬುತ್ತಿ ಒಬ್ಬರು ಮುಟ್ಟುತ್ತಿರಲಿಲ್ಲವಂತೆ. ಸಾಹುಕಾರರು ಬೇಸತ್ತು ಕೈಬಿಟ್ಟರು, ತಂಡ ಮುರಿಯಿತು. ನನ್ನ ತಮ್ಮ ರೋಣ ಬಿಟ್ಟು ಬೆಳವಣಕಿಯಲ್ಲಿ ಕೂಲಿಗೆ ನಿಂತ.

ಹೊಟ್ಟೆ ತುಂಬ ಉಂಡವನಿಗೆ ದಮ್ಮು ಸಾಲುವುದಿಲ್ಲ, ಅಷ್ಟೇ ಆಗಿರಬೇಕು. ಆದರೂ ಆ ಹಾಲಿನ ಮೇಲಿನ ಸಂಶಯ ನನಗೆ ಪೂರ್ತಿ ಹೋಗಿಲ್ಲ. ಅತ್ತೆ ಇರುವತನಕ ಕೇಳುವ ಧೈರ್ಯ ಬರಲಿಲ್ಲ.

ಮುಂದೆ ನನ್ನ ಮಗನ ಮದುವೆಗೆ ತಮ್ಮನೂ ಬಂದ, ರೋಣದ ತಂಡದ ಆ ಹಿರಿಯನೂ ಬಂದ. ಊಟದ ಪಂಕ್ತಿಯಲ್ಲಿ ತಮ್ಮನ ಪಕ್ಕ ಜಾಗ ಸಿಕ್ಕಿದ್ದಕ್ಕೆ ಹಿರಿಯ ಎದ್ದು ಹೊರಟ. ಬಡಿಸುತ್ತಿದ್ದ ನಾನು ಪಾತ್ರೆ ಕೆಳಗಿಟ್ಟೆ.

“ಅಣ್ಣಾರ, ನಿಲ್ರಿ. ಅವತ್ತ ಇಂವಾ ನಮ್ಮ ಮನ್ಯಾಗ ಉಂಡಿದ್ದ. ಬ್ಯಾಡಂದ್ರೂ ಉಣಿಸಿದಾಕಿ ನಾನ. ಬಂದಿಲ್ಲಂತ ಸುಳ್ಳ ಹೇಳಿದಾಕಿನೂ ನಾನ.”

ಹೊರಟಿದ್ದ ಹಿರಿಯ ತಿರುಗಿ ನಿಂತ. ನಾನು ತಮ್ಮನ ಕಡೆ ತಿರುಗಿದೆ.

“ತಮ್ಮಾ, ನನ್ನ ಮನಿ ಹೆಸರು ಉಳಿಸಾಕ ಹೋಗಿ ನಿನ್ನ ಹೆಸರು ಕೆಡಿಸಿದೆ. ತಪ್ಪಾತಪಾ. ನನ್ನ ಕ್ಷಮಾ ಮಾಡು.”