ಮೂರನೇ ಪಾಳಿ

ಮೂವತ್ತು ದಾಟಿದವರಿಗೆ ಈಜಿನ ಪಂದ್ಯ ಇಡುತ್ತೇನೆ ಎಂದಾಗ ಮಸ್ಕಿಯ ನನ್ನ ಗೊಬ್ಬರದ ಅಂಗಡಿಯಲ್ಲಿ ಕುಳಿತವರೆಲ್ಲ ನಕ್ಕರು. ಬಾವಿಯಲ್ಲಿ, ಕಾಲುವೆಯಲ್ಲಿ ಈಜು ಕಲಿತವರಿಗೆ ಪಂದ್ಯ ಯಾಕೆ ಎಂದರು. ನಾನು ಹಟಕ್ಕೆ ಬಿದ್ದವನು. ಲಿಂಗಸುಗೂರಿನ ಹೊರಗಿನ ಈಜುಕೊಳವನ್ನು ಒಂದು ಭಾನುವಾರ ಮಧ್ಯಾಹ್ನದವರೆಗೆ ಗೊತ್ತುಮಾಡಿದೆ. ದಿನ ಹೊಂದಿಸುವುದೇ ದೊಡ್ಡ ಕಸರತ್ತು. ನಾಟಿ ಶುರುವಾದರೆ ಸಿಂಧನೂರು ಕಡೆಯವರು ಬರುವುದಿಲ್ಲ, ಹಟ್ಟಿಯ ಗಣಿಯವರಿಗೆ ರಜೆ ಸಿಗಬೇಕು. ಕೊಳದಲ್ಲಿ ಒಮ್ಮೆಗೆ ನಾಲ್ವರಿಗಷ್ಟೇ ಜಾಗ. ಹಾಗಾಗಿ ದಿನದ ಕೆಳಗೆ ಒಂದನೇ ಪಾಳಿ, ಎರಡನೇ ಪಾಳಿ, ಮೂರನೇ ಪಾಳಿ, ಪಾಳಿಗೊಂದು ಪದಕ ಎಂದಷ್ಟೇ ಬರೆದು ಎಲ್ಲರ ವಾಟ್ಸಾಪಿಗೂ ಕಳಿಸಿದೆ.

ಎರಡು ಪಾಳಿ ಚೆನ್ನಾಗಿ ಮುಗಿದವು. ಮೂರನೆಯದಕ್ಕೆ ಮೂವರೇ ನಿಂತಿದ್ದರು. ನಾಲ್ಕನೆಯವನಾದ ಹಟ್ಟಿಯ ಗಣಿ ಕೆಲಸಗಾರನ ಪತ್ತೆಯಿಲ್ಲ. ಜನ್ಮದಲ್ಲಿ ಒಂದು ಪಂದ್ಯದಲ್ಲೂ ಈಜಿಲ್ಲ, ಇದೊಂದು ತಪ್ಪಿಸಬೇಡಿ ಎಂದು ನನ್ನ ಬೆನ್ನುಬಿದ್ದಿದ್ದವನು ಅವನು. ಫೋನ್ ಮಾಡಿದೆ.

“ನಂದು ಮೂರನೇ ಪಾಳಿ ಅಲ್ಲೇನ್ರೀ? ರಾತ್ರಿ ಬರ್ತೀನಲ್ರೀ,” ಎಂದ.

ಗಣಿಯಲ್ಲಿ ಮೂರನೇ ಪಾಳಿ ಎಂದರೆ ರಾತ್ರಿಯ ಕೆಲಸ! ನನಗೆ ಸಿಟ್ಟು ನೆತ್ತಿಗೇರಿತು. “ರಾತ್ರಿ ಯಾರಾರ ಪಂದ್ಯ ಇಡ್ತಾರೇನಲೇ? ಮೊದ್ಲು ಗಾಡಿ ಹತ್ತು!” ಎಂದು ಕೂಗಿದೆ. ನನ್ನ ಬರಹದಲ್ಲಿ ತಪ್ಪಿರಲಿಲ್ಲ ಎಂದು ಇವತ್ತಿಗೂ ವಾದಿಸುತ್ತೇನೆ.

ಅತ್ತ ಕೊಳದ ಮಾಲೀಕ ಗಡಿಯಾರ ತೋರಿಸತೊಡಗಿದ. ಮಧ್ಯಾಹ್ನಕ್ಕೆ ಬೇರೆಯವರು ಬರುವವರಿದ್ದರು. ಮೂವರನ್ನೇ ಇಳಿಸಿಬಿಡೋಣ ಎಂದುಕೊಂಡೆ. ಆಗ ಆ ಮೂವರಲ್ಲಿ ಒಬ್ಬ, ಮುಕ್ಕುಂದದ ಭತ್ತದ ರೈತ, ಅಂಚಿನಲ್ಲಿ ಕುಳಿತೇಬಿಟ್ಟ. ಆ ಪಾಳಿಯ ಪದಕ ಅವನದೇ ಎಂದು ಎಲ್ಲರೂ ಮಾತಾಡಿಕೊಂಡಿದ್ದರು.

“ಕಾಲುವಿ ನೀರಿನ್ಯಾಗ ಒಬ್ಬನ ಪಾಳಿ ಇನ್ನೊಬ್ಬ ತಗೊಂಡ್ರ ಬಡದಾಟ ಆಗ್ತಾವ್ರೀ. ಅವ ಬರೂತನ ನಾ ನೀರಿಗಿಳ್ಯಂಗಿಲ್ಲ,” ಎಂದ.

ಉಳಿದಿಬ್ಬರೂ ಅವನ ಪಕ್ಕ ಕುಳಿತರು. ನಾನು ಮಾಲೀಕನ ಜೊತೆ ಮಾತಿಗೆ ಮಾತು ಬೆಳೆಸುತ್ತ ಹೊತ್ತು ತಳ್ಳಿದೆ.

ಹಟ್ಟಿಯವನು ಬಂದ, ಅಂಗಿ ಬಿಚ್ಚಿ ಎಸೆದ. ಸೀಟಿ ಊದಿದೆ. ಅವನೂ ಮುಕ್ಕುಂದದವನೂ ಕೊನೆಯ ತನಕ ಸರಿಸಮ. ಒಂದು ಗೇಣು ಮೊದಲು ಗೋಡೆ ಮುಟ್ಟಿದ್ದು ಹಟ್ಟಿಯವನ ಕೈ.

“ಕಾದು ಕುಂತು ಪದಕ ಕಳಕೊಂಡ್ಯಲ್ಲೋ,” ಎಂದೆ ಮುಕ್ಕುಂದದವನಿಗೆ.

ಅವನು ಮುಖದ ನೀರು ಒರೆಸಿಕೊಂಡ. “ಅವ ಇಲ್ಲದ ಗೆದ್ದಿದ್ರ ನಾ ಯಾರನ್ನ ಗೆದ್ದಂಗ್ರೀ?”

ಹಟ್ಟಿಯವನ ಕೊರಳಿಗೆ ಪದಕ ಹಾಕಲು ಮುಕ್ಕುಂದದವನನ್ನೇ ಕರೆದೆ. ನನ್ನ ಎದೆ ಉಬ್ಬಿತ್ತು. ಇಂಥವರು ಈಜಿದ ಪಂದ್ಯವನ್ನು ನಡೆಸಿದವನು ನಾನು.