ಹದಿನಾಲ್ಕರಲ್ಲೊಂದು ಪಾಲಿನ ಲಾರಿ

ನಾನು ಕಟ್ಟಿದ ಲಾರಿಯ ಉದ್ದ ಐವತ್ತು ಸೆಂಟಿಮೀಟರ್, ನಿಜವಾದದ್ದರ ಹದಿನಾಲ್ಕರಲ್ಲೊಂದು ಪಾಲು. ಅದಕ್ಕೆ ಹಿಡಿದದ್ದು ಏಳು ತಿಂಗಳು. ನಿಜವಾದ ಲಾರಿಗೆ ಬಾಡಿ ಕಟ್ಟುವವರು ಮೂರು ವಾರದಲ್ಲಿ ಮುಗಿಸಿ, ಪೂಜೆ ಮಾಡಿಸಿ, ರಸ್ತೆಗೆ ಬಿಡುತ್ತಾರೆ ಎಂದು ನನಗೆ ಆಮೇಲೆ ಗೊತ್ತಾಯಿತು. ನಾನು ಎಂಜಿನಿಯರಿಂಗ್ ಓದಿದವಳು. ಈ ಎರಡು ವಾಕ್ಯಗಳಿಗೂ ಸಂಬಂಧವಿದೆ ಎಂದು ಅಮ್ಮನ ಅಭಿಪ್ರಾಯ.

ಆಫೀಸಿನಲ್ಲಿ ಒಬ್ಬರು ಸಿಂಗಪುರದಿಂದ ತಂದಿದ್ದ ರಿಮೋಟ್ ಲಾರಿ ಮಹಡಿಯಿಂದ ಬಿದ್ದು, ಮೇಲಿನ ಪ್ಲಾಸ್ಟಿಕ್ ಪುಡಿಯಾಗಿತ್ತು. ಚಾಸಿಸ್, ಮೋಟಾರು, ರಿಮೋಟು ಚೆನ್ನಾಗಿದ್ದವು. ಬಿಸಾಡುತ್ತೇನೆ ಅಂದರು. ನಾನು ಕೇಳಿಕೊಂಡೆ. ಯಾರಿಗೆ ಅಂತ ವಿಚಾರಿಸಿದಾಗ ‘ಕಸಿನ್‌ಗೆ’ ಅಂದೆ. ಇಪ್ಪತ್ತಾರು ವರ್ಷದ ಹೆಂಗಸು ತನಗೇ ಆಟದ ಲಾರಿ ಬೇಕು ಎಂದು ಹೇಳುವುದು ಹೇಗೆ?

ನಿಜ ಹೇಳಬೇಕೆಂದರೆ ಅದು ಮಾವನಿಗೆ. ಅಮ್ಮನ ತಮ್ಮ, ವಸಂತಪುರದವರು. ಹೊಲವೆಲ್ಲ ಸೈಟುಗಳಾದ ಮೇಲೆ ಲಾರಿ ತಗೊಂಡು ಇಪ್ಪತ್ತು ವರ್ಷ ಕಲ್ಲು, ಜಲ್ಲಿ ಲೋಡು ಹೊಡೆದವರು. ಕ್ಯಾಬಿನ್ನಿನ ನೆತ್ತಿಯ ಹಲಗೆಯ ಮೇಲೆ, ಬೇರೆಯವರು ದೇವರ ಹೆಸರು ಬರೆಸುವ ಜಾಗದಲ್ಲಿ, ಅವರು ನನ್ನ ಹೆಸರು ಬರೆಸಿದ್ದರು. ಹಳದಿ ಅಕ್ಷರ, ಕೆಂಪು ನೆರಳು. ಚಿಕ್ಕವಳಿದ್ದಾಗ ನನಗೆ ಅದರ ಮೇಲೆ ಎಷ್ಟು ಹೆಮ್ಮೆಯೆಂದರೆ, ಶಾಲೆಯಲ್ಲಿ ಹೆಸರು ಬರೆ ಅಂದರೆ ಕೆಂಪು ಪೆನ್ಸಿಲ್ ಹುಡುಕಿ ನೆರಳನ್ನೂ ಹಾಕುತ್ತಿದ್ದೆ.

ಕಾಲೇಜಿಗೆ ಹೋದ ಮೇಲೆ ಹೆಮ್ಮೆ ಇಳಿಯಿತು. ಬನಶಂಕರಿಯ ಬಸ್ ಸ್ಟಾಪಿನಲ್ಲಿ ಗೆಳತಿಯರ ಜೊತೆ ನಿಂತಿದ್ದ ಒಂದು ಮಧ್ಯಾಹ್ನ ಆ ಲಾರಿ ಬಂದು ನಮ್ಮ ಮುಂದೆಯೇ ನಿಂತಿತು. ಗೆಳತಿಯೊಬ್ಬಳು ತಲೆಯೆತ್ತಿ ಓದಿ, “ಏ, ನಿನ್ ಹೆಸರೇ ಕಣೇ! ಯಾರೇ ಇದು?” ಅಂದಳು.

“ಗೊತ್ತಿಲ್ಲಪ್ಪ. ಈ ಹೆಸರು ಎಷ್ಟ್ ಜನಕ್ಕಿರಲ್ಲ,” ಅಂದೆ.

ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದರು. ಮನೆಗೆ ಬಿಡುತ್ತೇನೆ ಹತ್ತು ಎನ್ನಲು ತೆರೆದ ಬಾಯಿ ಹಾಗೇ ಒಂದು ಕ್ಷಣ ನಿಂತಿತು. ಆಮೇಲೆ ಕೇಳಿದರು: “ಮೇಡಂ, ಕನಕಪುರ ರೋಡ್ ಯಾವ್ ಕಡೆ?”

ಆ ರಸ್ತೆಯಲ್ಲೇ ಹುಟ್ಟಿ ಬೆಳೆದ ಮನುಷ್ಯ. ನಾನು ಏನು ಮಾಡಿದೆ? ದಾರಿ ಹೇಳಿದೆ. ಅದನ್ನೂ ಗಾಬರಿಯಲ್ಲಿ ತಪ್ಪು ಹೇಳಿದೆ. ಎಡಕ್ಕೆ ಕೈ ತೋರಿಸಿದೆ, ಅದು ಜಯನಗರದ ಕಡೆ. “ಥ್ಯಾಂಕ್ಸ್ ಮೇಡಂ,” ಅಂದು ಮಾವ ನಿಜವಾಗಿಯೂ ಎಡಕ್ಕೆ ತಿರುಗಿಸಿಕೊಂಡು ಹೋದರು.

ಈ ಬಗ್ಗೆ ಅವರು ಯಾವತ್ತೂ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಹಬ್ಬಕ್ಕೆ ಹೋದರೆ ಎಂದಿನಂತೆ ‘ಅಮ್ಮಣ್ಣಿ’ ಎಂದೇ ಕರೆಯುತ್ತಿದ್ದರು. ಮಂಡಿನೋವು ಶುರುವಾಗಿ ಲಾರಿ ಗುಜರಿಗೆ ಹೋಯಿತು. ಕ್ಷಮೆ ಕೇಳಲು ಬಾಯಿ ಬರದ ನನ್ನಂಥವರಿಗೆ ಏಳು ತಿಂಗಳ ಕೆಲಸ ಸುಲಭವಾಗಿ ಕಂಡಿತು. ಲಾರಿ ಕಟ್ಟಿ ಅವರ ಮುಂದಿಡುವುದು, ಅವರು ‘ನಮ್ಮ ಗಾಡಿ!’ ಅನ್ನುವುದು, ಅಲ್ಲಿಗೆ ಲೆಕ್ಕ ಚುಕ್ತಾ. ಒಂದು ಮಾತೂ ಆಡುವಂತಿರಬಾರದು. ಇದು ನನ್ನ ಯೋಜನೆ.

ನನ್ನ ಬಳಿ ಇದ್ದದ್ದು ಮಾವನ ಲಾರಿಯ ಒಂದು ಫೋಟೋ, ಅದರಲ್ಲಿ ಹೆಸರಿನ ಹಲಗೆ, ಅರ್ಧ ಲಾರಿ. ಉಳಿದ ಅಳತೆಗೆ ನಕ್ಷೆ ಬೇಕು ಅನ್ನಿಸಿ, ಕನಕಪುರ ರಸ್ತೆಯ ಒಂದು ಬಾಡಿ ಕಟ್ಟುವ ಶೆಡ್ಡಿಗೆ ಹೋದೆ. ಕೈಯಲ್ಲಿ ಸ್ಟೀಲ್ ಟೇಪು, ಕ್ಲಿಪ್‌ಬೋರ್ಡು. ನನ್ನನ್ನು ನೋಡಿದ್ದೇ ಇಬ್ಬರು ಕೆಲಸಗಾರರು ಹಿಂದಿನ ಬಾಗಿಲಿನಿಂದ ಮಾಯವಾದರು.

“ಯಾವ್ ಆಫೀಸಿಂದ ಮೇಡಂ?” ಅಂದರು ಮೇಸ್ತ್ರಿ.

“ಆಫೀಸಲ್ಲ. ಕ್ಯಾಬಿನ್ ಡ್ರಾಯಿಂಗ್ ಇದ್ರೆ ನೋಡೋಣ ಅಂತ.”

“ಡ್ರಾಯಿಂಗಾ?” ಅವರು ಒಳಗಿದ್ದವರಿಗೆ ಕೂಗಿ ಹೇಳಿದರು, “ಏ, ಬರ್‍ರೋ, ಪರವಾಗಿಲ್ಲ! ಡ್ರಾಯಿಂಗ್ ಬೇಕಂತೆ!” ಒಳಗಿನಿಂದ ನಗು ಕೇಳಿಸಿತು. “ಮೇಡಂ, ಕಂಪನಿಯಿಂದ ಬರೋದು ಚಾಸಿಸ್ಸು, ಮುಂದಿನ ಮೂತಿ, ಅಷ್ಟೆ. ಮಿಕ್ಕಿದ್ದು ನಾವು ಕಣ್ಣಳತೇಲಿ ಕಟ್ತೀವಿ. ಓನರ್ರು ಎಷ್ಟುದ್ದ ಇದಾರೆ ಅಂತ ನೋಡಿ ಸೀಟು, ಅಷ್ಟೆ ಡ್ರಾಯಿಂಗು.”

ಅಲ್ಲಿ ನಿಂತಿದ್ದ ಲಾರಿಯನ್ನೇ ಅಳೆಯಲು ಬಿಟ್ಟರು, ಚಹಾ ಕೊಟ್ಟರು. ಎಡಗಡೆಯ ಕಿಟಕಿ ಬಲಗಡೆಯದಕ್ಕಿಂತ ಎರಡು ಬೆರಳು ದೊಡ್ಡದಿತ್ತು. ತಪ್ಪಾಗಿದೆ ಎಂದು ಮೃದುವಾಗಿ ತಿಳಿಸಿದೆ.

“ತಪ್ಪಲ್ಲ ಮೇಡಂ. ಆ ಕಡೆ ಕ್ಲೀನರ್ ಕೂರ್ತಾನೆ. ಸೊಂಟದ ತನಕ ಹೊರಗ್ ಬಂದು ‘ಬರ್ಲಿ, ಬರ್ಲಿ’ ಅನ್ಬೇಕಲ್ಲ.”

ಇದನ್ನು ಕ್ಲಿಪ್‌ಬೋರ್ಡಿನಲ್ಲಿ ಬರೆದುಕೊಂಡೆ. ಮನೆಗೆ ಬಂದು ಎರಡೂ ಕಿಟಕಿಗಳ ಸರಾಸರಿ ತೆಗೆದೆ.

ಬೋರ್ಡು ಬರೆಯುವ ಅಂಗಡಿಯಿಂದ ಬಿಳಿ ಪ್ಲಾಸ್ಟಿಕ್ ಹಾಳೆ ತಂದು ಕ್ಯಾಬಿನ್ ಕತ್ತರಿಸಿದೆ. ಹಿಂದಿನ ತೊಟ್ಟಿಗೆ ಐಸ್‌ಕ್ರೀಮ್ ಕಡ್ಡಿ. ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಯಾದ ಬಾಗಿಲನ್ನು ಮೂರು ಸಲ ಎಸೆದೆ. ಸಂದುಗಳಿಗೆ ಪುಟ್ಟಿ ಮೆತ್ತಿ, ಒಣಗಿಸಿ, ನೀರು ಹಾಕಿ ಉಜ್ಜುವುದು, ಪ್ರೈಮರ್ ಹೊಡೆದ ತಕ್ಷಣ ಅಲ್ಲಿಯವರೆಗೆ ಕಾಣದಿದ್ದ ಗೀರುಗಳೆಲ್ಲ ಮೇಲೆದ್ದು ಬರುವುದು, ಮತ್ತೆ ಉಜ್ಜುವುದು. ಉಜ್ಜಿ ಉಜ್ಜಿ ಹೆಬ್ಬೆರಳಿನ ಗೆರೆಗಳು ಸವೆದು, ಆಫೀಸಿನ ಬೆರಳಚ್ಚಿನ ಬಾಗಿಲು ನನ್ನನ್ನು ಗುರುತಿಸುವುದನ್ನು ಬಿಟ್ಟಿತು. ಸೆಕ್ಯೂರಿಟಿಯವರು ದಿನಾ ಎದ್ದು ಬಂದು ತೆರೆಯುತ್ತಿದ್ದರು. ‘ಪಾತ್ರೆ ತೊಳೆದದ್ದು’ ಅಂದೆ.

ಕಿತ್ತಳೆ ಬಣ್ಣವನ್ನು ತಾರಸಿಯಲ್ಲಿ ಸ್ಪ್ರೇ ಮಾಡಿದೆ. ಗಾಳಿಯ ದಿಕ್ಕನ್ನು ಒದ್ದೆ ಬೆರಳೆತ್ತಿ ಪರೀಕ್ಷಿಸಿದ್ದೆ. ನಡುವೆ ಗಾಳಿ ಮನಸ್ಸು ಬದಲಾಯಿಸಿತು. ಕೆಳಗಿನ ಅಂಗಳದಲ್ಲಿ ಅಮ್ಮನ ಸಂಡಿಗೆ ಒಣಗುತ್ತಿತ್ತು.

“ಸಂಡಿಗೆಗೆ ಕೇಸರಿ ಹಾಕಿದ್ಯಾ?” ಅಂತ ಅಮ್ಮ ಕೆಳಗಿನಿಂದ ಕೇಳಿದರು. ಮೊರ ಅವರ ಕೈಯಲ್ಲಿತ್ತು. ಎರಡು ಸೇರು ಅಕ್ಕಿಯ ಸಂಡಿಗೆಯನ್ನು ಹೊಂಡ ತೋಡಿ ಹೂತೆವು. ಕಾಗೆಗೂ ಹಾಕುವಂತಿರಲಿಲ್ಲ.

ಲಾರಿ ಮುಗಿಯಿತು. ನೆತ್ತಿಯ ಹಲಗೆ ಮಾತ್ರ ಖಾಲಿ ಉಳಿಯಿತು. ಅಷ್ಟು ಸಣ್ಣ ಅಕ್ಷರ ಬರೆಯುವ ಕುಂಚ ಸಿಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅಕ್ಷರ ಒಂದು ಸೆಂಟಿಮೀಟರ್ ಎತ್ತರ ಬರುತ್ತಿತ್ತು. ಅದಕ್ಕಿಂತ ಸಣ್ಣದಾಗಿ ಇಂಡಿಕೇಟರಿನ ಸ್ಕ್ರೂಗಳಿಗೆ ಬಣ್ಣ ಬಳಿದಿದ್ದೆ.

ಒಂದು ಭಾನುವಾರ ಬೆಳಗ್ಗೆ ಲಾರಿಯನ್ನು ಅಮ್ಮನ ಹಳೇ ಸೀರೆಯಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ವಸಂತಪುರಕ್ಕೆ ಹೋದೆ. ಮಾವ ಜಗಲಿಯಲ್ಲಿ ಕೂತಿದ್ದರು. ಮುಂದಿಟ್ಟೆ.

ಅವರು ಕನ್ನಡಕ ಹಾಕಿಕೊಂಡು ಸುತ್ತ ನೋಡಿದರು. ಬಾಗಿ ಕೆಳಗೆ ನೋಡಿದರು. ಬೆರಳಿನಿಂದ ಬಾಗಿಲು ತೆರೆದು ಮುಚ್ಚಿದರು. ನಾನು ‘ನಮ್ಮ ಗಾಡಿ’ ಎಂಬ ಆ ಎರಡು ಪದಗಳಿಗೆ ಕಾಯುತ್ತಿದ್ದೆ.

“ಸಖತ್ತಾಗಿದೆ ಅಮ್ಮಣ್ಣಿ. ಯಾರ್ ಗಾಡಿ ಇದು?”

ನಾನು ಲಾರಿಯನ್ನು ಅವರ ಕಡೆಗೆ ಇನ್ನಷ್ಟು ಸರಿಸಿದೆ.

“ನಿಮ್ದೇ ಮಾವ.”

“ಎರಡು ಕಿಟಕೀನೂ ಒಂದೇ ಥರ ಐತಲ್ಲ. ಹಿಂಗಿದ್ರೆ ಕ್ಲೀನರ್ ಹೆಂಗ್ ಬಗ್ತಾನೆ?” ಆಮೇಲೆ ಬೆರಳು ನೆತ್ತಿಯ ಹಲಗೆಯ ಮೇಲೆ ಹೋಯಿತು. ಸವರಿದರು. “ಇಲ್ಲೇನೂ ಬರೀಲಿಲ್ವಾ?”

“ಸಣ್ಣ ಕುಂಚ ಸಿಗ್ಲಿಲ್ಲ.”

“ಹೌದೌದು, ಎಲ್ ಸಿಗುತ್ತೆ,” ಅಂದರು. ಎಷ್ಟು ಬೇಗ ಒಪ್ಪಿಕೊಂಡರೆಂದರೆ, ಬಸ್ ಸ್ಟಾಪಿನ ಆ ಮಧ್ಯಾಹ್ನವೇ ಮತ್ತೆ ನಡೆದಂತಾಯಿತು. ನಾನು ಸುಳ್ಳು ಹೇಳುವುದು, ಅವರು ಅದಕ್ಕೆ ಜಾಗ ಮಾಡಿಕೊಡುವುದು. ಏಳು ತಿಂಗಳಲ್ಲಿ ನಾನು ಅದನ್ನೇ ಇನ್ನೊಮ್ಮೆ ಕಟ್ಟಿ ತಂದಿದ್ದೆ, ಚಿಕ್ಕ ಅಳತೆಯಲ್ಲಿ.

ಅಷ್ಟರಲ್ಲಿ ಅತ್ತೆ ಅರಿಶಿನ, ಕುಂಕುಮ, ನಾಲ್ಕು ನಿಂಬೆಹಣ್ಣು ತಂದರು. ಪೂಜೆಯಿಲ್ಲದೆ ಗಾಡಿ ಹೊರಡಿಸುವ ಮನೆಯಲ್ಲ ಅದು. ಚಕ್ರದ ಮುಂದೆ ನಿಂಬೆಹಣ್ಣಿಟ್ಟರು. ನಾನು ರಿಮೋಟ್ ಒತ್ತಿದೆ. ಲಾರಿ ನಿಂಬೆಹಣ್ಣಿಗೆ ಮೂತಿ ಕೊಟ್ಟು ನಿಂತಿತು. ಹಿಂದಿನ ಚಕ್ರಗಳು ಗಿರಗಿರ ತಿರುಗಿದವು. ನಿಂಬೆಹಣ್ಣು ಅಲ್ಲಾಡಲಿಲ್ಲ.

“ಲೋಡ್ ಜಾಸ್ತಿ ಆಯ್ತೇನೋ,” ಅಂದರು ಅತ್ತೆ.

“ನಿಂಬೆಹಣ್ಣು ನಾಲ್ಕು ಸೆಂಟಿಮೀಟರ್ ಇದೆ,” ಅಂದೆ ನಾನು. “ಈ ಲಾರಿಗೆ ಮೂರು ಮಿಲಿಮೀಟರ್ ಇರ್ಬೇಕು.”

ಅತ್ತೆ ಒಳಗೆ ಹೋಗಿ ಸಾಂಬಾರ್ ಡಬ್ಬಿಯಿಂದ ನಾಲ್ಕು ಕೊತ್ತಂಬರಿ ಬೀಜ ತಂದು ಚಕ್ರಗಳ ಕೆಳಗಿಟ್ಟರು. “ಇದಾಗುತ್ತಾ ಎಂಜಿನಿಯರಮ್ಮ?”

ಆಯಿತು. ಚಟಚಟ ಅಂದವು. ಜಗಲಿಯ ತುಂಬ ಸಾರಿನ ಪುಡಿಯ ವಾಸನೆ.

ಮಾವ ರಿಮೋಟಿಗೆ ಕೈಚಾಚಿದರು. ಒಂದೆರಡು ಸಲ ಗೋಡೆಗೆ ಗುದ್ದಿ, ಹಿಡಿತ ಸಿಕ್ಕ ಮೇಲೆ ಲಾರಿಯನ್ನು ಇಡೀ ಜಗಲಿ ಸುತ್ತಿಸಿ, ನಿಧಾನವಾಗಿ ತಂದು ನನ್ನ ಕಾಲ ಮುಂದೆ ನಿಲ್ಲಿಸಿದರು. ಮುಖದಲ್ಲಿ ನಗುವಿರಲಿಲ್ಲ.

“ಮೇಡಂ, ಕನಕಪುರ ರೋಡ್ ಯಾವ್ ಕಡೆ?”

“ಬಲಕ್ಕೆ,” ಅಂದೆ.

“ಅವತ್ತು ಎಡಕ್ಕೆ ಅಂದ್ರಿ. ಎಡಕ್ಕೇ ಹೋದೆ. ಜಯನಗರದೊಳಗೆ ಆ ಟೈಮಲ್ಲಿ ಲಾರಿ ಬಿಡಲ್ಲ ಅಂತ ಪೊಲೀಸಪ್ಪ ಒಂದ್ ಗಂಟೆ ಬಿಸಿಲಲ್ಲಿ ನಿಲ್ಲಿಸ್ದ. ಯಾಕಯ್ಯ ಬಂದೆ ಅಂದ್ರೆ, ನಮ್ ಹುಡುಗಿ ಹೇಳಿದ್ಲು ಸಾರ್ ಅಂದೆ.”

“ಮಾವ, ನಾನು...”

“ಗೊತ್ತು ಬಿಡು.”

ನಾನು ಬಿಡಲಿಲ್ಲ. “ತಪ್ಪಾಯ್ತು,” ಅಂದೆ. ಇಷ್ಟು ಚಿಕ್ಕ ಪದ ಅದು, ಎರಡು ಸೆಕೆಂಡಿನ ಕೆಲಸ.

ಆಮೇಲೆ ಕೈಚೀಲ ತೆಗೆದೆ. ಹಳದಿ ಬಣ್ಣದ ಪುಟ್ಟ ಡಬ್ಬಿ, ಕೆಂಪಿನದೊಂದು, ಸೊನ್ನೆ ನಂಬರಿನ ಕುಂಚ, ಮೂರೂ ಅದರೊಳಗಿದ್ದವು. ಏಳು ತಿಂಗಳಿನಿಂದ ಇದ್ದವು. ಮಾವ ಕುಂಚವನ್ನು ನೋಡಿ, ಲಾರಿಯ ಮೂತಿಯನ್ನು ನನ್ನ ಕಡೆಗೆ ತಿರುಗಿಸಿದರು.

ಜಗಲಿಯಲ್ಲೇ ಕೂತು ಬರೆದೆ. ಗೆರೆ ಹಾಕಿಕೊಳ್ಳಲಿಲ್ಲ. ಮೊದಲ ಅಕ್ಷರ ದೊಡ್ಡದಾಗಿ, ಕೊನೆಯದಕ್ಕೆ ಜಾಗ ಸಾಲದೆ, ಸಾಲು ಪೂರ್ತಿ ಬಲಕ್ಕೆ ಇಳಿದಿತ್ತು. ಕೆಂಪು ನೆರಳು ಬೇರೆ ಹರಡಿಕೊಂಡಿತು.

“ಈಗ ನಮ್ ಗಾಡಿ ಆಯ್ತು,” ಅಂದರು ಮಾವ. “ಅದ್ರಲ್ಲೂ ಹಿಂಗೇ ಸೊಟ್ಟಗಿತ್ತು.”

ಅದರಲ್ಲಿ ನೆಟ್ಟಗಿತ್ತು. ಫೋಟೋದಲ್ಲಿ ಸ್ಕೇಲ್ ಇಟ್ಟು ನೋಡಿದ್ದೇನೆ. ಹೌದು ಮಾವ, ಹಿಂಗೇ ಇತ್ತು ಅಂದೆ.